ನಮ್ಮ ಬೆಚ್ಚನೆಯ ಬೀರುವಿನಲ್ಲಿ ಸಿರಿಲ್‌ನ ಅಂಗಿ

ಓಟ್ಲಿ,
೨೧ ನವೆಂಬರ್ ೧೯೯೩, ಭಾನುವಾರ ಮಧ್ಯಾಹ್ನ

ಪ್ರೀತಿಯ ಡೋರೀನ್,

ನಿನ್ನ ಗಂಡನೂ, ಕಾಲೇಜಿನಲ್ಲಿ ಮೂವತ್ತು ವರ್ಷ ಇತಿಹಾಸ ಪಾಠ ಹೇಳಿ ನಿವೃತ್ತನಾದವನೂ ಆದ ನಾನು, ಸ್ವಸ್ಥ ಬುದ್ಧಿಯಿಂದ, ಯಾರ ಬಲವಂತವೂ ಇಲ್ಲದೆ ಒಪ್ಪಿಕೊಳ್ಳುವುದೇನೆಂದರೆ: ಕಳೆದ ಸೋಮವಾರ ಬೆಳಿಗ್ಗೆ ಮಹಡಿಯ ಮೇಲೆ ಒಗೆದ ಬಟ್ಟೆ ಆರಿಸಿಡುವ ನಮ್ಮ ಬೆಚ್ಚನೆಯ ಬೀರುವಿಗೆ ತಲೆ ತೂರಿಸಿ, ಅಲ್ಲಿ ಯಾರಿಗೂ ಕೇಡು ಬಯಸದೆ ನಿಂತಿದ್ದ ಬಿಸಿನೀರಿನ ಹಂಡೆಗೆ ದಪ್ಪನೆಯ ಕೆಂಪು ಕೋಟೊಂದನ್ನು ತೊಡಿಸಿ, ಮೂರು ಕಡೆ ಪಟ್ಟಿ ಬಿಗಿದಿದ್ದೇನೆ. ಬಿಸಿ ಪೋಲಾಗಬಾರದೆಂದು ಅಂಗಡಿಯವನಿಗೆ ಹೇಳಿದೆ. ನಿಜವಾದ ಉದ್ದೇಶ, ಬೀರು ತಣ್ಣಗಾಗಿ, ಅದರಲ್ಲಿಡುವ ಪಕ್ಕದ ಮನೆ ಸಿರಿಲ್‌ನ ಅಂಗಿಗಳು ಆರಬಾರದು ಎಂಬುದು. ಶಿಕ್ಷೆ ಏನೇ ಇರಲಿ, ಕಾಗದ ಪೂರ್ತಿ ಓದಿದ ಮೇಲೆ ಕೊಡು.

ಈಗ ಕ್ಷೇಮ ಸಮಾಚಾರ. ನಿನ್ನ ಮೊಣಕಾಲು ಹೇಗಿದೆ? ಹಿಲರಿಯ ಮನೆಯ ಆ ಏಣಿಯಂಥ ಮೆಟ್ಟಿಲನ್ನು ದಿನಕ್ಕೆ ಎಷ್ಟು ಸಲ ಹತ್ತಿಸುತ್ತಾಳೆ ನಿನ್ನ ಮಗಳು? (ಮೊಣಕಾಲು ನೋಯಿಸುವಾಗ ನಿನ್ನ ಮಗಳು, ಪಿಯಾನೋ ನುಡಿಸುವಾಗ ನನ್ನ ಮಗಳು.) ಮೊಮ್ಮಗ ನಿನ್ನ ಹೆಗಲ ಮೇಲೆ ಮಾತ್ರ ನಿದ್ದೆ ಮಾಡುತ್ತಾನೆ ಎಂದು ಬರೆದಿದ್ದೀಯ. ಆರು ವಾರದ ಕೂಸಿನ ಮೇಲೆ ಹೊಟ್ಟೆಕಿಚ್ಚುಪಡುವಷ್ಟು ಸಣ್ಣವನಲ್ಲ ನಾನು. ಆ ಹೆಗಲಿನ ಮೇಲೆ ಮೂವತ್ತೆಂಟು ವರ್ಷದ ಹಿಂದಿನ ಹಕ್ಕು ಯಾರದ್ದೆಂದು ಅವನ ಕಿವಿಯಲ್ಲಿ ಒಮ್ಮೆ ಹೇಳಿಬಿಡು, ಸಾಕು.

ನಿನ್ನ ಕಾಗದ ಗುರುವಾರ ಬಂತು. "ಹಿಲರಿ ಒಬ್ಬಳೇ ಒದ್ದಾಡ್ತಾಳೆ, ಹೊಸ ವರ್ಷ ಕಳೆಯೋ ತನಕ ಇಲ್ಲೇ ಇರಲಾ? ನಿನ್ನಿಂದ ಆಗುತ್ತಾ, ಆಗಲ್ವಾ, ನಿಜ ಹೇಳು" ಎಂದು ಕೇಳಿದ್ದೀಯ. ಅಲ್ಲಿಗೇ ನಿಲ್ಲಿಸಿದ್ದರೆ ನಾನು ಒಳ್ಳೆಯ ಮನುಷ್ಯನಾಗಿಯೇ ಉಳಿಯುತ್ತಿದ್ದೆ. ಆದರೆ ಮುಂದಿನ ಸಾಲಿನಲ್ಲಿ, "ಸಿರಿಲ್ ಬರೆದಿದ್ದ, ಬೀರು ಅಚ್ಚುಕಟ್ಟಾಗಿದೆಯಂತೆ. ಪಾಪ, ಎಷ್ಟು ಚೆನ್ನಾಗಿ ಮಡಿಸ್ತಾನೆ" ಎಂದಿದೆ. ಸಿರಿಲ್ ನಿನಗೆ ಕಾಗದ ಬರೆಯುತ್ತಾನೆ ಎಂಬ ಸಂಗತಿ ನನಗೆ ತಿಳಿದದ್ದು ಹೀಗೆ. ಅಡ್ಡಿಯಿಲ್ಲ. ಬೇರೆ ಗಂಡಂದಿರಿಗೆ ಇದಕ್ಕಿಂತ ಕೆಟ್ಟ ರೀತಿಯಲ್ಲಿ ತಿಳಿದಿರಬಹುದು.

ಇದಕ್ಕೆಲ್ಲ ಮೂಲ ನೀನೇ. ಸೆಪ್ಟೆಂಬರಿನಲ್ಲಿ ಸಿರಿಲ್ ತನ್ನ ಅಡುಗೆಮನೆಗೆ, ಬೇಕೆಂದಾಗ ಆಗಲೇ ನೀರು ಕಾಯಿಸಿಕೊಡುವ ಆ ಹೊಸ ಬಾಯ್ಲರ್ ಹಾಕಿಸಿ, ಮಹಡಿಯ ಹಂಡೆ ಕೀಳಿಸಿದ. ಹಂಡೆ ಹೋದ ಮೇಲೆ ಬೆಚ್ಚನೆಯ ಬೀರು ಬರೀ ಬೀರಾಯಿತು. ತಣ್ಣನೆಯ ಬೀರನ್ನು ಈ ಊರಿನ ಗಂಡಸರು ಯಾವ ರೂಪದಲ್ಲೂ ಮೆಚ್ಚುವವರಲ್ಲ. ಅವನು ಬೇಲಿಯ ಬಳಿ ನಿಂತು, "ಹಂಡೆ ಕಿತ್ತುಬಿಟ್ಟೆ ಡೋರೀನ್, ಈಗ ನನ್ನ ಬನಿಯನ್ನಿಗೆ ದಿಕ್ಕಿಲ್ಲ" ಅಂದ. ಹೆಂಡತಿ ಎಡ್ನಾಳನ್ನು ಕಳೆದುಕೊಂಡವನು, ಬನಿಯನ್ನು ಒದ್ದೆ. ನಿನ್ನ ಕರುಳು ಚುರುಕ್ ಅಂದಿತು. ರೈಲು ಹತ್ತುವಾಗಲೂ ನನ್ನ ಆರೋಗ್ಯದ ಬಗ್ಗೆ ಒಂದು ಮಾತಿಲ್ಲ. "ಲಯೋನೆಲ್, ಮೇಲಿನ ಹಲಗೆ ಸಿರಿಲ್‌ಗೆ ಬಿಡು, ಮನೆ ಕೀ ಅವನ ಹತ್ತಿರ ಇರುತ್ತೆ" ಎಂದೆ. ಮೇಲಿನ ಹಲಗೆ! ನೂರನಾಲ್ಕು ಡಿಗ್ರಿ ಜ್ವರದವನ ಹಣೆಯಷ್ಟು ಬೆಚ್ಚಗಿರುವ ಜಾಗ ಅದು. ನನ್ನ ಬನಿಯನ್ನುಗಳು ಹೊಸ ಗುಮಾಸ್ತರಂತೆ ಕೆಳಗಿನ ಹಲಗೆಗೆ ವರ್ಗವಾದವು.

ಅಂದಿನಿಂದ ಮಂಗಳವಾರ, ಶುಕ್ರವಾರ ತಪ್ಪದೆ ಬರುತ್ತಾನೆ. ಇಪ್ಪತ್ತೆರಡು ವರ್ಷ ಹಡಗಿನಲ್ಲಿ ಅಧಿಕಾರಿಗಳ ಹಾಸಿಗೆ ಹಾಸಿದವನ ಕೈ ಅದು. ನಾಲ್ಕು ಮೂಲೆಗೂ ಎಲಾಸ್ಟಿಕ್ ಇರುವ ಬೆಡ್‌ಶೀಟನ್ನು ನಾನು ಮಡಿಸಿದರೆ ಮುದುಡಿ ಮಲಗಿದ ಕುರಿಯಂತೆ ಕಾಣುತ್ತದೆ. ಅವನು ಮಡಿಸಿದರೆ ನಿಘಂಟಿನಂತೆ. ನೀನಂತೂ ಸಿರಿಲ್ ಮಡಿಸಿದ್ದೇ ಮಡಿ ಎಂದು ತೀರ್ಮಾನಿಸಿಬಿಟ್ಟಿದ್ದೀಯ. ಹೋದ ವಾರಕ್ಕೆ ಹಿಂದಿನ ಶುಕ್ರವಾರ ಬೀರು ತೆರೆದು ನೋಡುತ್ತೇನೆ, ಅವನ ನೀಲಿ ಪಟ್ಟೆಯ ಅಂಗಿ ನಿನ್ನ ಹೂವಿನ ನೈಟಿಯ ಪಕ್ಕದಲ್ಲಿ, ತೋಳಿಗೆ ತೋಳು ತಾಗಿಸಿಕೊಂಡು ಬೆಚ್ಚಗೆ ಕೂತಿದೆ. ಆ ಹೊತ್ತಿನ ನನ್ನ ಹೊಟ್ಟೆಕಿಚ್ಚಿನ ಮೇಲೆ ನಾಲ್ಕು ಜೊತೆ ಬೆಡ್‌ಶೀಟು ಆರಿಸಬಹುದಿತ್ತು. ಸೋಮವಾರ ಹೋಗಿ ಕೋಟು ತಂದೆ.

ಮಂಗಳವಾರ ಬೆಳಿಗ್ಗೆ ಒದ್ದೆ ಅಂಗಿ ಇಟ್ಟುಹೋದ ಸಿರಿಲ್ ಸಂಜೆ ಬಂದು ಅದನ್ನು ಕೆನ್ನೆಗೆ ಒತ್ತಿ ನೋಡಿಕೊಂಡ. ಹಸಿ ಇದೆಯೋ ಇಲ್ಲವೋ ಕೆನ್ನೆಗೆ ಗೊತ್ತಾಗುವಷ್ಟು ಕೈಗೆ ಗೊತ್ತಾಗುವುದಿಲ್ಲ ಎಂದು ನಿನ್ನಮ್ಮನೂ ಹೇಳುತ್ತಿದ್ದರಲ್ಲ. "ಏನಯ್ಯ, ನಿಮ್ಮ ಹಂಡೆಗೆ ಜ್ವರ ಬಿಟ್ಟಂಗಿದೆ?" ಅಂದ. "ಕಾಲ ಬದಲಾಯ್ತು ಸಿರಿಲ್, ಈಗ ಎಲ್ಲರೂ ಹಂಡೆಗೆ ಹೊದಿಸ್ತಾರೆ" ಅಂದೆ. ಅವನು ತಕರಾರಿಲ್ಲದೆ ಬಟ್ಟೆ ಬುಟ್ಟಿ ಎತ್ತಿಕೊಂಡು ಹೋದ. ಗೆದ್ದ ಖುಷಿಗೆ ಆ ದಿನ ನಾನು ಎರಡು ಮಾಂಸದ ಪೈ ತಿಂದೆ.

ಆದರೆ ಇತಿಹಾಸ ಕಲಿಸಿದವನು ಇತಿಹಾಸದಿಂದ ಏನೂ ಕಲಿತಿರಲಿಲ್ಲ. ಶತ್ರುವಿನ ಬಾವಿಗೆ ವಿಷ ಹಾಕುವಾಗ ಅದೇ ಬಾವಿಯ ನೀರು ನಾನೂ ಕುಡಿಯುತ್ತೇನೆ ಎಂಬುದು ಹೊಳೆಯಲಿಲ್ಲ. ನಮ್ಮ ಬೆಡ್‌ಶೀಟುಗಳೂ ಆ ಬೀರುವಿನಲ್ಲೇ ಇದ್ದವು. ಬುಧವಾರ ಒಗೆದದ್ದನ್ನು ಗುರುವಾರ ಹಾಸಿ ಮಲಗಿದೆ. ಶುಕ್ರವಾರ ಬೆಳಿಗ್ಗೆ ನಾನು ಸೀನಿದ್ದು ಗೋಡೆಯಾಚೆ ಕೇಳಿಸಿತಂತೆ. ಸಿರಿಲ್ ಗಡ್ಡ ಹೆರೆಯುವ ಕನ್ನಡಿ ಹಿಡಿದುಕೊಂಡೇ ಬಂದ. ಕನ್ನಡಿಯನ್ನು ನನ್ನ ಹಾಸಿಗೆಯ ಎರಡು ಬೆಡ್‌ಶೀಟುಗಳ ನಡುವೆ ಇಟ್ಟು, ಐದು ನಿಮಿಷ ಕೈಕಟ್ಟಿ ನಿಂತು, ಹೊರಗೆ ತೆಗೆದ. ಗಾಜಿನ ಮೇಲೆ ಬೆರಳಿನಲ್ಲಿ ಹೆಸರು ಬರೆಯುವಷ್ಟು ಮಂಜು. "ಇದರಲ್ಲಿ ಮಲಗ್ತೀಯಾ? ಇದಕ್ಕಿಂತ ಹೊಳೇಲಿ ಮಲಗು, ಕನಿಷ್ಠ ಮೀನಾದ್ರೂ ಸಿಗ್ತವೆ" ಅಂದ. ಆಮೇಲೆ ಬೀರು ತೆರೆದ. ಕೆಂಪು ಕೋಟನ್ನು ನೋಡಿದ, ನನ್ನನ್ನು ನೋಡಿದ, ಮತ್ತೆ ಕೋಟನ್ನು ನೋಡಿದ. "ನನ್ನ ಅಂಗಿ ಮೇಲೆ ನಿಂಗೆ ಇಷ್ಟೊಂದು ಸಿಟ್ಟಾ ಮಾರಾಯ, ಬಾಯಲ್ಲಿ ಹೇಳಿದ್ರೆ ಆಗ್ತಿರ್ಲಿಲ್ವಾ" ಎಂದು ಪಟ್ಟಿ ಬಿಚ್ಚಿದ. ಹಸಿ ಬಟ್ಟೆಯನ್ನೆಲ್ಲ ಬುಟ್ಟಿಗೆ ತುಂಬಿ, ತನ್ನ ಮನೆಯ ಒಲೆಯ ಮುಂದೆ ಕಾಯಿಸಿದ ಬೆಡ್‌ಶೀಟು ತಂದು ನನ್ನ ಹಾಸಿಗೆ ಹಾಸಿದ. ಡೋರೀನ್, ಐದು ವಾರದಲ್ಲಿ ಅಷ್ಟು ಚೆನ್ನಾಗಿ ನಾನು ನಿದ್ದೆ ಮಾಡಿರಲಿಲ್ಲ. ಅವನು ಮಾಡಿದ ಅವಮಾನಗಳಲ್ಲೆಲ್ಲ ಇದೇ ದೊಡ್ಡದು.

ಹಾಗಾಗಿ ನಿನ್ನ ಪ್ರಶ್ನೆಗೆ ನನ್ನ ಉತ್ತರ: ಧಾರಾಳವಾಗಿ ಇರು. ಹೊಸ ವರ್ಷವೇಕೆ, ಈಸ್ಟರ್‌ವರೆಗೂ ಇರು. ಒಂದು ಸಣ್ಣ ನೆಗಡಿ ಬಿಟ್ಟರೆ ಮನೆ ನನ್ನ ಕೈಯಲ್ಲಿ ಗಡಿಯಾರದಂತೆ ನಡೆಯುತ್ತಿದೆ. ಆಲೂಗಡ್ಡೆ ಬೇಯಿಸುತ್ತೇನೆ, ಬೆಕ್ಕಿಗೆ ಹಾಕುತ್ತೇನೆ, ಪ್ರತಿ ವಾರ ಮನೆಯಲ್ಲಿರುವ ಬಟ್ಟೆಯನ್ನೆಲ್ಲ, ಒಂದು ಚೂರೂ ಬಿಡದೆ, ಒಗೆದು ಆರಿಸುತ್ತೇನೆ. ನೀನು ಇಲ್ಲವೆಂದು ಇಲ್ಲಿ ಯಾವುದೂ ನಿಂತಿಲ್ಲ. ಇದನ್ನು ಸಿರಿಲ್‌ನ ಬಾಯಿಂದಲ್ಲ, ನನ್ನ ಬಾಯಿಂದ ಕೇಳು.

ಹಿಲರಿಗೂ ಅಳಿಯನಿಗೂ ನನ್ನ ನೆನಪು ಹೇಳು. ಕೂಸಿಗೆ ಅಜ್ಜನ ಆಶೀರ್ವಾದ. ಬೇಗ ದೊಡ್ಡವನಾಗಿ ತನ್ನ ದಿಂಬಿನ ಮೇಲೆ ತಾನು ಮಲಗಲಿ.

ನಿನ್ನವನೇ ಆದ,
ಲಯೋನೆಲ್

ಮರೆತಿದ್ದು: ಲಕೋಟೆ ಅಂಟಿಸಿ ಮತ್ತೆ ಹರಿದಿದ್ದೇನೆ. ಒಂದು ಚೂರೂ ಬಿಡದೆ ಒಗೆದೆ ಎಂದದ್ದು ಸುಳ್ಳು. ನೀನು ತಲೆಯಿಟ್ಟು ಮಲಗುವ ದಿಂಬಿನ ಕವರನ್ನು ನೀನು ಹೋದಾಗಿನಿಂದ ಒಗೆದಿಲ್ಲ. ಹಗಲು ಬೀರುವಿನಲ್ಲಿ ಟವೆಲುಗಳ ಹಿಂದೆ ಬಚ್ಚಿಟ್ಟು, ಮಲಗುವಾಗ ಮಾತ್ರ ತೆಗೆದುಕೊಳ್ಳುತ್ತಿದ್ದೆ. ಶುಕ್ರವಾರ ಸಿರಿಲ್ ಹಸಿ ಬಟ್ಟೆಯ ಜೊತೆ ಅದನ್ನೂ ಬುಟ್ಟಿಗೆ ಹಾಕಿಕೊಂಡು ಹೋಗಿದ್ದ. ಗೊತ್ತಾದ ಕೂಡಲೇ ಮಳೆಯಲ್ಲಿ, ಬರೀ ಕಾಲುಚೀಲದಲ್ಲಿ, ಟಪ್ಪಾಲಿನವನ ಕಣ್ಣೆದುರಿಗೇ ಬೀದಿಗೆ ಓಡಿ, ಸಿರಿಲ್ ಮನೆಗೆ ನುಗ್ಗಿ, ಒಗೆಯುವ ಮೆಷಿನ್ನಿನ ಬಾಯಿಂದ ಕಿತ್ತುಕೊಂಡು ಎದೆಗೆ ಒತ್ತಿಕೊಂಡು ನಿಂತೆ. ನೆಗಡಿ ಜೋರಾದದ್ದು ಅದರಿಂದ. ಸಿರಿಲ್ ನಗಲಿಲ್ಲ. "ಎಡ್ನಾ ಹೋದ್ಮೇಲೆ ಅವಳದ್ದು ನಾನು ಹನ್ನೊಂದು ತಿಂಗಳು ಒಗೀಲಿಲ್ಲ. ನನಗೆ ಬೇರೆ ದಾರಿ ಇರ್ಲಿಲ್ಲ. ನಿನ್ನವಳು ಟ್ರೈನ್ ಹತ್ತಿದ್ರೆ ಬರ್ತಾಳೆ ಕಣೋ ದಡ್ಡ, ಕಾಗದ ಬರಿ ಅವಳಿಗೆ" ಅಂದ. ಇವತ್ತು ಮೂಸಿ ನೋಡಿದೆ. ಬೀರುವಿನ ಬಿಸಿಗೆ ನಿನ್ನ ವಾಸನೆಯೂ ಆರಿಹೋಗಿದೆ, ಈಗ ಟವೆಲಿನ ವಾಸನೆಯೇ ಹೆಚ್ಚು. ಈಸ್ಟರ್ ಬೇಡ, ಹೊಸ ವರ್ಷವೂ ಬೇಡ. ಹಿಲರಿಗೆ ಏನಾದರೊಂದು ಹೇಳಿ ಶನಿವಾರವೇ ಹೊರಟು ಬಾ.