ಉಡದಾರದ ದೊರೆ

ಗೋಗಿ, ತಾ. ಶಹಾಪುರ
6 ಅಕ್ಟೋಬರ್ 2024, ರವಿವಾರ

ನಮ್ಮ ಮನೆಯವರಿಗೆ ಭಾರತಿ ಮಾಡುವ ನಮಸ್ಕಾರಗಳು.

ಹೇಗಿದ್ದೀರಿ? ಮಲ್ಪೆಯ ಉಪ್ಪುನೀರಿಗೆ ಅಂಗೈ ಬಿರಿದಿದೆ ಎಂದಿದ್ದಿರಿ, ಮಾಯಿತೇ? ಮೀನು ಅನ್ನ ತಿಂದು ಬಾಯಿ ಕೆಟ್ಟಿದ್ದರೆ ಹೇಳಿರಿ, ಅತ್ತೆ ಖಡಕ್ ರೊಟ್ಟಿ ಕಟ್ಟಿ ಕಳಿಸುತ್ತಾರಂತೆ. ಅವರ ಮೊಣಕಾಲು ನೋವು ಹಾಗೇ ಇದೆ, ನಾಲಿಗೆ ಮಾತ್ರ ಚುರುಕಾಗಿದೆ. ನೀವು ಬೋಟು ಹತ್ತಿದರೆ ಹತ್ತು ದಿನ ಫೋನು ಹತ್ತುವುದಿಲ್ಲ. ಹತ್ತಿದರೂ "ಹ್ಞೂಂ, ಹ್ಞೂಂ" ಎಂದು ಇಟ್ಟುಬಿಡುತ್ತೀರಿ. ಅದಕ್ಕೇ ಈ ಕಾಗದ. ಇದಕ್ಕೆ ಹ್ಞೂಂ ಅಂದು ಪಾರಾಗಲಾರಿರಿ.

ಹೊಸ ರಸ್ತೆಗೆ ಹೋದ ನಮ್ಮ ಹೊಲದಲ್ಲಿ ರಸ್ತೆಯವರಿಗಿಂತ ಮೊದಲು ಹಳೇ ಕಾಲದ್ದನ್ನು ಹುಡುಕುವವರು ಬಂದಿದ್ದಾರೆ. ಕೆಳಗೆ ಒಂದು ಊರೇ ಇತ್ತಂತೆ, ಡಾಂಬರು ಬೀಳುವುದರೊಳಗೆ ನೋಡಿ ಬರೆದಿಡಬೇಕಂತೆ. ಓಣಿಯ ಹಣಮಂತಮ್ಮನೂ ನಾನೂ ಕೂಲಿಗೆ ಹೋಗುತ್ತಿದ್ದೇವೆ. ದಾರ ಕಟ್ಟಿ ಹೊಲವನ್ನೆಲ್ಲ ಚೌಕ ಚೌಕ ಮಾಡಿದ್ದಾರೆ. ಕರಣಿಯಿಂದ ಕೆರೆಯುವುದು, ಬ್ರಶ್ಶಿನಿಂದ ಗುಡಿಸುವುದು, ಜರಡಿ ಹಿಡಿಯುವುದು, ಇಷ್ಟೇ ಕೆಲಸ. ಅಗೆಸುವವರು ಸಾಬೇರಾ ಮೇಡಂ, ಬೀದರಿನವರು. ಮೊದಲ ದಿನ ಅವರು "ಇಲ್ಲಿ ರೋಮಿನ ಗುರ್ತು ಸಿಗ್ತಾವ, ಜ್ವಾಕಿ" ಅಂದರು. ರೋಮ ಅಂದರೆ ಕೂದಲು ಅಂದುಕೊಂಡು ನಾವಿಬ್ಬರೂ ಮೂರು ದಿನ ಜರಡಿಯಲ್ಲಿ ಕೂದಲು ಹುಡುಕಿದೆವು. ನಾಲ್ಕನೇ ದಿನ ಹಣಮಂತಮ್ಮ "ಸಿಕ್ತ್ರಿ ಮೇಡಂ" ಎಂದು ಒಂದು ಬಿಳಿ ಎಳೆಯನ್ನು ಕಾಗದದಲ್ಲಿ ಮಡಚಿ ಕೊಟ್ಟಳು. ಅದು ಅವಳ ತಲೆಯದೇ! ಮೇಡಂ ನಕ್ಕು ನಕ್ಕು ನೆಲದ ಮೇಲೆ ಕುಂತುಬಿಟ್ಟರು.

ರೋಮ್ ಎಂಬುದು ಸಮುದ್ರದಾಚೆಯ ರಾಜ್ಯವಂತೆ. ಎರಡು ಸಾವಿರ ವರ್ಷದ ಹಿಂದೆ ಅಲ್ಲಿಯ ಹಡಗುಗಳು ನೀವೀಗ ಬಲೆ ಬೀಸುವ ಸಮುದ್ರಕ್ಕೇ ಬರುತ್ತಿದ್ದವಂತೆ. ವ್ಯಾಪಾರಿಗಳ ಕೈಯಲ್ಲಿ ದೊರೆಯ ಮುಖವಿದ್ದ ಬಂಗಾರದ ನಾಣ್ಯ. ಬಂಗಾರ ಸಿಗದ ನಮ್ಮಂಥವರು ಅದೇ ಮುಖವನ್ನು ಮಣ್ಣಿಗೆ ಒತ್ತಿ, ಸುಟ್ಟು, ತೂತು ಮಾಡಿ ಕೊರಳಿಗೆ ಕಟ್ಟಿಕೊಳ್ಳುತ್ತಿದ್ದರಂತೆ. ಅಂಥದು ಅರ್ಧ ಮುರಿದದ್ದು ಒಂದು ಸಿಕ್ಕಿದೆ. "ಇಡೀದೊಂದು ಸಿಕ್ರ ಸಾಕ ನೋಡವ್ವಾ, ನನ್ನ ಜನ್ಮ ಸಾರ್ಥಕ" ಅನ್ನುತ್ತಾರೆ ಮೇಡಂ. ಆ ಚೂರನ್ನು ಅಂಗೈಯಲ್ಲಿ ಇಟ್ಟೊಡನೆ ನಾನು ಗುರುತು ಹಿಡಿದೆ. ಅತ್ತೆಗೆ ಕಳೆ ತೆಗೆಯುವಾಗ ಸಿಕ್ಕಿದ್ದ ದೊರೆ ಬಿಲ್ಲೆ ನೆನಪಿದೆಯಲ್ಲ? ಅದರ ತೂತು ಅಂಚಿಗೆ ಒಡೆದಿತ್ತು, ನೀವು ದಬ್ಬಳದಿಂದ ಪಕ್ಕದಲ್ಲಿ ಇನ್ನೊಂದು ಕೊರೆದಿರಿ. ನಮ್ಮ ಮಲ್ಲಿಯನ್ನು ತೊಟ್ಟಿಲಿಗೆ ಹಾಕಿದ ದಿನ ಅತ್ತೆ ಅದನ್ನು ಉಡದಾರಕ್ಕೆ ಪೋಣಿಸಿ "ದೊರಿ ಕಾಯ್ತಾನ ಕೂಸಿನ್ನ" ಅಂದರು. ಎಂಟು ತಿಂಗಳು ಕಾಯ್ದ. ಆಮೇಲೆ ಆ ಜ್ವರ ಬಂತು.

ಮಧ್ಯಾಹ್ನದ ಬಿಸಿಲಲ್ಲಿ ಕೆರೆಯುತ್ತ ಕೂತರೆ ಕಣ್ಣು ತೆರೆದೇ ಕನಸು ಬೀಳುತ್ತದೆ. ಆ ಕಾಲದ ಹೆಂಗಸೊಬ್ಬಳು ಮಗುವಿನ ಕೊರಳಿಗೆ ಮಣ್ಣಿನ ದೊರೆಯನ್ನು ಕಟ್ಟುತ್ತಿರುತ್ತಾಳೆ. ಸುತ್ತ ತೊಗರಿ ಹೂ ಬಿಟ್ಟಿರುತ್ತದೆ. ಹೊಲದ ತುಂಬ ನೀರು ನಿಂತು, ದೂರದಲ್ಲಿ ನಿಮ್ಮ ಬೋಟು ಕಾಣುತ್ತದೆ. ಮೊನ್ನೆ ಆಕೆಯ ಒಲೆಯೂ ಸಿಕ್ಕಿತು, ಬೂದಿಯ ಸಮೇತ. ಬಿಸಿ ಇದೆಯೇನೋ ಎಂದು ಕೈ ಇಟ್ಟು ನೋಡಿದೆ. ನಗಬೇಡಿರಿ.

ಮಲ್ಲಿಯನ್ನು ನೀವೂ ಮಾವನೂ ಆ ಹೊಲಕ್ಕೇ ಒಯ್ದಿರಿ. ಕೂಸಿನ ಜಾಗ ಹೆತ್ತವಳಿಗೆ ತೋರಿಸಬಾರದು, ತೋರಿಸಿದರೆ ದಿನಾ ಹೋಗಿ ಕೂಡುತ್ತಾಳೆ ಅಂದರು ಹಿರಿಯರು. ಮಾವನೂ ಹೇಳದೆಯೇ ತೀರಿಕೊಂಡರು. ನಾನು ಕೇಳಲಿಲ್ಲ. ನಾಲ್ಕು ವರ್ಷ ಇಡೀ ಹೊಲವೇ ಆಕೆಯದೆಂದು ಚಪ್ಪಲಿ ಬಿಟ್ಟು ನಡೆದೆ. ಈಗ ದೀಪಾವಳಿ ಕಳೆದರೆ ಅದರ ಮೇಲೆ ಲಾರಿ ಓಡುತ್ತವೆ. ರಸ್ತೆಯವರ ಕಾಗದಕ್ಕೆ ಸಹಿ ಹಾಕುವಾಗಲಾದರೂ ನೀವು ಬಾಯಿ ಬಿಡಬಹುದಿತ್ತು. ನಿಮ್ಮ ಮೇಲೆ ನನಗೆ ಸಿಟ್ಟಿದೆ. ಸಿಟ್ಟಿಗಿಂತ ಭಯ ಹೆಚ್ಚು.

ಮೇಡಂ ಒಂದು ಕಲಿಸಿದ್ದಾರೆ. ಒಮ್ಮೆ ಅಗೆದು ಮುಚ್ಚಿದ ಮಣ್ಣು ಎಷ್ಟು ವರ್ಷವಾದರೂ ಮೊದಲಿನಂತೆ ಕೂಡುವುದಿಲ್ಲವಂತೆ. ಬಣ್ಣ ಬೇರೆ, ಮುಟ್ಟಿದರೆ ಮೆತ್ತಗೆ. ನೋಡುವ ಮೊದಲೇ ಕೈಗೆ ಗೊತ್ತಾಗುತ್ತದೆ. ನನ್ನ ಕೈ ಈಗ ಅದಕ್ಕೆ ಪಳಗಿದೆ.

ಹೊತ್ತಿಗೆ ಸರಿಯಾಗಿ ಉಣ್ಣಿರಿ. ಗಾಳಿ ಎದ್ದರೆ ಬೋಟಿನ ತುದಿಗೆ ನಿಲ್ಲಬೇಡಿರಿ. ಅತ್ತೆ ನಿಮ್ಮ ತಲೆ ಸವರಿದ್ದಾರೆಂದು ತಿಳಿಯಿರಿ.

ನಿಮ್ಮ
ಭಾರತಿ

ತಾ.ಕ.: ಹಣಮಂತಮ್ಮ ಈ ಕಾಗದ ಒಯ್ಯಲು ಬಾಗಿಲಲ್ಲಿ ನಿಂತಿದ್ದಾಳೆ, ಶಹಾಪುರದ ಆಟೋ ಬಂದಿದೆ. ಮೇಲೆ ಬರೆಯಲು ಧೈರ್ಯ ಬರಲಿಲ್ಲ. ನಿನ್ನೆ ಬನ್ನಿ ಗಿಡದ ಬುಡದ ಚೌಕದಲ್ಲಿ ಮಣ್ಣು ಮೆತ್ತಗೆ ಹತ್ತಿತು. ಎರಡು ಮೊಳ ಇಳಿದೆ. ಬ್ರಶ್ಶಿಗೆ ಬಿಲ್ಲೆ ಬಂತು, ಇಡೀದು. ದಾರ ಕರಗಿತ್ತು. ಒಡೆದ ತೂತಿನ ಪಕ್ಕದಲ್ಲಿ ನಿಮ್ಮ ದಬ್ಬಳದ ತೂತು. ಅದರಾಚೆ ನಾನು ನೋಡಲಿಲ್ಲ, ಸೆರಗಿನ ಮರೆಯಲ್ಲಿ ಮಣ್ಣು ಎಳೆದು ಮುಚ್ಚಿದೆ. ಮೇಡಂ "ಏನರ ಬಂತೇನು?" ಅಂದರು. "ಏನಿಲ್ರಿ, ಬರೇ ಮಣ್ಣ" ಅಂದೆ. ಅವರು ನನ್ನ ಮುಖ ನೋಡಿದರು. ಆಮೇಲೆ ಆ ಚೌಕದ ದಾರ ತಾವೇ ಬಿಚ್ಚಿ, ಅಲ್ಲಿಯ ಅಗೆತ ನಿಲ್ಲಿಸಿದರು. ಹಬ್ಬಕ್ಕೆ ಕಾಯಬೇಡಿರಿ, ಬೋಟು ಬಿಟ್ಟು ಬಂದುಬಿಡಿರಿ. ಮಲ್ಲಿಯನ್ನು ಕೆರೆಯ ದಂಡೆಗೆ ಒಯ್ಯೋಣ, ಬಿಲ್ಲೆ ಆಕೆಯ ಹತ್ತಿರವೇ ಇರಲಿ. ಅಗೆಯುವುದು ನೀವು. ಈ ಸಲ ಎತ್ತಿಕೊಳ್ಳುವವಳು ನಾನು.