ದಯಾನಂದಣ್ಣ ತಂದ ಸ್ಯಾಂಪಲ್ ಮಾತ್ರೆ

ಗುಬ್ಬಿ
೧೦ ಮಾರ್ಚ್ ೧೯೯೬

ದಯಾನಂದಣ್ಣನಿಗೆ, ತಂಗಿ ವನಜಾಕ್ಷಿಯ ನಮಸ್ಕಾರ.

ಔಷಧಿ ಕಂಪನಿಯ ಬ್ಯಾಗು ಹೊತ್ತು ಬಳ್ಳಾರಿಯ ಬಿಸಿಲಿನಲ್ಲಿ ಡಾಕ್ಟರುಗಳ ಬಾಗಿಲು ಕಾಯುತ್ತಾ ಅಲೆಯುತ್ತೀಯ, ಆರೋಗ್ಯ ಹೇಗಿದೆ? ಅತ್ತಿಗೆ ಚೆನ್ನಾಗಿದ್ದಾರೆಯೆ? ಅಮ್ಮ ನಿನ್ನೆ ತುಮಕೂರಿನ ಆಸ್ಪತ್ರೆಯಿಂದ ಮನೆಗೆ ಬಂದಳು. ಗಾಬರಿಯಾಗಬೇಡ, ಈಗ ಹುಷಾರಾಗಿದ್ದಾಳೆ. ನಿನ್ನ ಆಫೀಸಿಗೆ ಫೋನ್ ಮಾಡಿದರೆ ಟೂರ್ ಹೋಗಿದ್ದೀಯ ಎಂದರು, ಅದಕ್ಕೇ ಈ ಕಾಗದ.

ಹುಣಸೆಹಣ್ಣು ಬಡಿಯಲು ಕೂತರೆ ಅಮ್ಮನಿಗೆ ಸೀನು ನಿಲ್ಲುವುದಿಲ್ಲವೆಂದು ಶಿವರಾತ್ರಿಗೆ ಬಂದಾಗ ಬ್ಯಾಗಿನಿಂದ ಅಲರ್ಜಿ ಮಾತ್ರೆಯ ಸ್ಯಾಂಪಲ್ಲುಗಳನ್ನು ಸುರಿದೆಯಲ್ಲ, ಅಲ್ಲಿಂದ ಶುರು. "ಹಳೇ ಮಾತ್ರೆ ಥರ ತೂಕಡಿಕೆ ಬರಲ್ಲ ಕಣಮ್ಮ, ಎಷ್ಟ್ ತಗೊಂಡ್ರೂ ಏನೂ ಆಗಲ್ಲ" ಎಂದೆ. ಅಮ್ಮ ಸೀನು ಬಂದಾಗಲೆಲ್ಲ ಪೆಪ್ಪರಮಿಂಟಿನಂತೆ ಬಾಯಿಗೆ ಹಾಕಿಕೊಂಡಳು. ಹೋದ ವಾರ ಗಂಟಲುನೋವಿಗೆ ಇಲ್ಲಿನ ಡಾಕ್ಟರು ಆಂಟಿಬಯೋಟಿಕ್ ಬರೆದರು. ಬೇರೆ ಮಾತ್ರೆ ಏನಾದರೂ ನಡೆಯುತ್ತಿದೆಯೆ ಎಂದು ಅವರು ಕೇಳಿದರೆ ಇಲ್ಲ ಎಂದಳು. ಮಗ ಕೊಟ್ಟದ್ದು ಔಷಧಿ ಎಂದು ಅವಳಿಗೆ ಅನ್ನಿಸಿಯೇ ಇರಲಿಲ್ಲ. ಎರಡು ದಿನ ಕಳೆದ ಮೇಲೆ, ಒಲೆಯ ಮುಂದೆ "ಎದೆ ಹೆಂಗೋ ಆಯ್ತದೆ ಕಣೇ" ಎಂದವಳು ಕುಸಿದುಬಿಟ್ಟಳು. ಪಕ್ಕದ ಮನೆಯ ಗಂಗಹನುಮಯ್ಯನವರ ವ್ಯಾನಿನಲ್ಲಿ ತುಮಕೂರಿಗೆ ಕರೆದೊಯ್ದೆವು.

ಅಲ್ಲಿನ ಡಾಕ್ಟರು ಇಸಿಜಿಯನ್ನೂ ನಾನು ತೋರಿಸಿದ ಎರಡೂ ಮಾತ್ರೆಗಳನ್ನೂ ನೋಡಿ, "ನಿದ್ದೆ ಬರ್ಸಲ್ಲ ಅಂದ್ರೆ ತೊಂದ್ರೆ ಮಾಡಲ್ಲ ಅಂತಲ್ಲಮ್ಮ. ಈ ಮಾತ್ರೆ ಜಾಸ್ತಿ ಆದ್ರೆ, ಅದ್ರಲ್ಲೂ ಈ ಆಂಟಿಬಯೋಟಿಕ್ ಜೊತೆ ಸೇರಿದ್ರೆ ಎದೆ ಬಡಿತವೇ ಹಾದಿ ತಪ್ಪುತ್ತೆ. ಮಾರೋಕ್ ಬರೋರಿಗೂ ಇದು ಗೊತ್ತು" ಎಂದರು. ಡಾಕ್ಟರುಗಳ ಮುಂದೆ ಎಲ್ಲವನ್ನೂ ಬಾಯಿಪಾಠ ಒಪ್ಪಿಸುವವನು ಹೆತ್ತವಳಿಗೆ ಅರ್ಧ ಮಾತ್ರ ಹೇಳಿದೆ. ನಿನ್ನ ಟೈ, ನಿನ್ನ ಬ್ಯಾಗು, ಆ ನಯವಾದ ಮಾತು ನೆನೆದರೆ ಹೇಸಿಗೆಯಾಗುತ್ತದೆ. ಅಣ್ಣ ಎಂದು ಬರೆಯುವಾಗಲೂ ಕೈ ಹಿಂಜರಿಯುತ್ತಿದೆ.

ಅತ್ತಿಗೆಗೆ ನನ್ನ ನಮಸ್ಕಾರ. ಅಮ್ಮ ನಿನಗೆ ಆಶೀರ್ವಾದ ತಿಳಿಸು ಎಂದಿದ್ದಾಳೆ, ತಿಳಿಸಿದ್ದೇನೆ.

ನಿನ್ನ ತಂಗಿ,
ವನಜಾಕ್ಷಿ

ಮರೆತಿದ್ದೆ: ಉಳಿದ ಮಾತ್ರೆಗಳನ್ನು ಮೋರಿಗೆ ಸುರಿದೆನೆಂದು ಅಮ್ಮ ನನ್ನ ಹತ್ತಿರ ಮಾತು ಬಿಟ್ಟಿದ್ದಾಳೆ. ತಪ್ಪೆಲ್ಲ ಗಂಟಲಿಗೆ ಮಾತ್ರೆ ಬರೆದ ಡಾಕ್ಟರದ್ದಂತೆ. "ನನ್ ಮಗ ಯುಗಾದಿಗೆ ಬತ್ತಾನೆ, ಮತ್ತೆ ತತ್ತಾನೆ ಬುಡು" ಎನ್ನುತ್ತಾಳೆ. ನಮ್ಮ ಯಾರ ಮಾತೂ ಅವಳ ಕಿವಿಗೆ ಬೀಳುವುದಿಲ್ಲ. ಈ ಕಾಗದ ಕೈ ಸೇರಿದ ಕೂಡಲೇ ಗಂಗಹನುಮಯ್ಯನವರ ಮನೆಗೆ ಫೋನ್ ಮಾಡು. ನೀನು ಹೇಳಿದ್ದು ಸುಳ್ಳು ಎಂದು ನೀನೇ ಅವಳಿಗೆ ಹೇಳು.