ಮೂರು ಪಾಯಿಂಟ್ ಆರರಿಂದ ಭಾಗಿಸಿ

ಮಾರ್ಚ್ 4, ಬೆಳಗ್ಗೆ
ಗ್ರೀಸ್ ಹಾಕಿದೆ, ಫಿಲ್ಟರ್ ತೊಳೆದೆ. ಎರಡು ಪಂಪ್ ಓಡುತ್ತಿವೆ, ಮೂರನೆಯದು ನಿದ್ದೆಯಲ್ಲಿ. ಸುರಂಗದೊಳಗೆ ನೀರು ಜಾಸ್ತಿ ನುಗ್ಗಿದರೆ ತಾನಾಗಿ ಏಳುತ್ತದೆ. ಸೆಕೆಂಡಿಗೆ ಮೂವತ್ತು ಲೀಟರ್ ದಾಟಿದರೆ ನಾನು ಸೈರನ್ ಒತ್ತಿ ಹಿಡಿಯಬೇಕು, ಕೆಳಗಿರುವವರೆಲ್ಲ ಮೇಲೆ ಬರಬೇಕು. ಅವರಲ್ಲಿ ಅಳಿಯನೂ ಒಬ್ಬ, ವೆಲ್ಡರ್. ಮಗಳಿಗೆ ಏಳನೇ ತಿಂಗಳು. ಅವನು ಮೇಲೆ ಬರುವ ತನಕ ನನಗೆ ಊಟ ರುಚಿಸುವುದಿಲ್ಲ.
ಇವತ್ತು ನೀರು ಅಳೆಯಲು ಹೊಸ ಮೀಟರ್ ಕೂರಿಸುತ್ತಾರಂತೆ.

ಮಾರ್ಚ್ 4, ಸಂಜೆ
ಮಾನ ಹೋಯಿತು. ಹೊಸ ಮೀಟರ್‌ನಲ್ಲಿ 68 ಕಂಡಿತು. ಸೈರನ್ ಒತ್ತಿಬಿಟ್ಟೆ. ಎಲ್ಲರೂ ಬಿದ್ದೆದ್ದು ಮೇಲೆ ಬಂದರು. ನೋಡಿದರೆ ಅದು ತೋರಿಸುವುದು ಗಂಟೆಗೆ ಎಷ್ಟು ಘನ ಮೀಟರ್ ಅಂತ. ಲೀಟರ್ ಲೆಕ್ಕಕ್ಕೆ 3.6ರಿಂದ ಭಾಗಿಸಬೇಕಂತೆ. ಬರೀ ಹತ್ತೊಂಬತ್ತು ಲೀಟರ್ — ದಿನವೂ ಬರುವಷ್ಟೇ. ಸೂಪರ್‌ವೈಸರ್ ಎಲ್ಲರೆದುರೇ ಅಂದ: “ಇನ್ಮೇಲೆ ಮೊದಲು ಲೆಕ್ಕ ಮಾಡಿ, ಆಮೇಲೆ ಒತ್ತಿ.”
ಮೂರನೇ ಪಂಪ್ ಎದ್ದಿರಲೇ ಇಲ್ಲ. ಅದನ್ನಾದರೂ ನೋಡಬೇಕಿತ್ತು...

ಮಾರ್ಚ್ 5
ಅಳಿಯ ಹೆಸರಿಟ್ಟಿದ್ದಾನೆ — ಸೈರನ್ ಮಾವ. ಈಗ ಎಲ್ಲರ ಬಾಯಲ್ಲೂ ಅದೇ. ಇಳಿಯುವ ಮುಂಚೆ ಬಂದು ಮೆಲ್ಲಗೆ ಹೇಳಿದ: “ಮಾವ, ಇನ್ನೊಂದ್ಸಲ ಒತ್ತಿದ್ರೆ ಯಾರು ಬರ್ತಾರೋ ಗೊತ್ತಿಲ್ಲ. ನಾನಂತೂ ಓಡಿ ಬರ್ತೀನಿ.” ನನಗೆ ನಗು ಬರಲಿಲ್ಲ.

ಮಾರ್ಚ್ 9
ಭಾಗಾಕಾರ ಈಗ ಬಾಯಿಪಾಠ. 65 — ಹದಿನೆಂಟು. 72 — ಇಪ್ಪತ್ತು. ನಿನ್ನೆ ಮಗಳ ಬಿ.ಪಿ.ಯನ್ನೂ ಭಾಗಿಸಿಬಿಟ್ಟೆ, ಅವಳು ಬಿದ್ದು ಬಿದ್ದು ನಕ್ಕಳು. ನನಗೋ ಒತ್ತಲೂ ಭಯ, ಒತ್ತದಿರಲೂ ಭಯ. ಸೂಪರ್‌ವೈಸರ್‌ಗೆ ಕನಿಕರ ಬಂದಿದೆ. ಮೀಟರ್‌ನವನನ್ನು ಕರೆಸಿ ಹಳೇ ಲೆಕ್ಕಕ್ಕೇ ಬದಲಾಯಿಸುತ್ತಾನಂತೆ. ಯಾವಾಗ ಅಂತ ಹೇಳಲಿಲ್ಲ. ಮೈ ಬಿಸಿ, ಜ್ವರ ಇರಬೇಕು.

ಮಾರ್ಚ್ 14, ಬೆಳಗ್ಗೆ
ಜ್ವರ ಬಿಟ್ಟಿತು, ಡ್ಯೂಟಿಗೆ ಬಂದೆ. ಅಳಿಯ ಕಿಟಕಿಯಾಚೆಯಿಂದ ಕೈ ಬೀಸಿ ಇಳಿದ. ಮೀಟರ್‌ನಲ್ಲಿ 26. ಭಾಗಿಸಿದೆ — ಏಳು ಚಿಲ್ಲರೆ. ಇಷ್ಟು ಕಡಿಮೆ ಎಂದೂ ಕಂಡಿಲ್ಲ. ಎದೆ ಹಗುರಾಯಿತು.

ಮಾರ್ಚ್ 14, ಹನ್ನೊಂದೂವರೆ
29. ಅಂದರೆ ಎಂಟು. ಪರವಾಗಿಲ್ಲ. ಆದರೆ ಸದ್ದು ಬೇರೆ ಥರ ಇದೆ, ನೆಲ ನಡುಗುತ್ತಿದೆ. ಜ್ವರದ ನಿಶ್ಶಕ್ತಿಯೋ ಏನೋ. ಸುಮ್ಮನೆ ಹೆದರಬಾರದು ಅಂತ ಬರೆಯುತ್ತಾ ಕೂತಿದ್ದೇನೆ.
ಎದ್ದು ನೋಡಿ ಬಂದೆ. ಮೂರನೇ ಪಂಪ್ ಓಡುತ್ತಿದೆ.
ಎಂಟು ಲೀಟರಿಗೆ ಮೂರು ಪಂಪ್ ಯಾಕೆ... ಕನ್ನಡಕ ಹಾಕಿ ಅಂಕಿಯ ಪಕ್ಕದ ಸಣ್ಣಕ್ಷರ ಓದ

ಒತ್ತಿದ್ದೇನೆ. ಸೆಕೆಂಡಿಗೆ ಲೀಟರ್ — ಬದಲಾಯಿಸಿಬಿಟ್ಟಿದ್ದಾರೆ. ನನಗೆ ಹೇಳೇ ಇಲ್ಲ. ಬೆಳಗ್ಗಿನಿಂದ ಸುಮ್ಮಸುಮ್ಮನೆ ಭಾಗಿಸುತ್ತಿದ್ದೇನೆ. ಈಗ 33. ಎಡಗೈ ಸೈರನ್ ಮೇಲಿದೆ, ಬಿಡುವ ಹಾಗಿಲ್ಲ. ಬಲಗೈ ಸುಮ್ಮನಿರಲಾರದೆ ಬರೆಯುತ್ತಿದೆ. ಕೆಳಗೆ ಫೋನ್ ಯಾರೂ ಎತ್ತಲಿಲ್ಲ. ಮೆಟ್ಟಿಲು ಖಾಲಿ. ಸೈರನ್ ಮಾವ ಮತ್ತೆ ಶುರು ಮಾಡಿದ ಅಂತ ನಗುತ್ತಿರಬೇಕು. 36. ಬನ್ನಿ ಮಾರಾಯರೇ, ಈ ಸಲ ನಿಜ.
ಮೆಟ್ಟಿಲ ಮೇಲೆ ಬೂಟಿನ ಸದ್ದು. ಅಳಿಯ. ಓಡಿ ಬರುತ್ತಿದ್ದಾನೆ.
ಅವನೊಬ್ಬನೇ. ಹಿಂದೆ ಯಾರೂ